ಫೈಲ್ ಬದಲಾಯಿತು, ಯಾರು ನೋಡಿದರು?

(ಪುಸ್ತಕ ವಿನ್ಯಾಸ ಮಾಡುವವರು, ಕಂಪ್ಯೂಟರ್ ವಿಭಾಗದ ವಿದ್ಯಾರ್ಥಿಗಳು ಮತ್ತು ಒಂದಿಬ್ಬರು ನಿವೃತ್ತ ಮೇಷ್ಟರು ಸೇರಿದ್ದ ಸಂಜೆಯ ಸಭೆಯೊಂದರಲ್ಲಿ, ಫೈಲ್ ಬದಲಾದ ಕೂಡಲೇ ಮುಂದಿನ ಕೆಲಸವನ್ನು ತಾನಾಗಿ ಶುರುಮಾಡಿಸುವ ಸಣ್ಣ ಪ್ರೋಗ್ರಾಮುಗಳ ಬಗ್ಗೆ ಆಡಿದ ಮಾತುಗಳ ಬರಹ ರೂಪ. ಪರದೆಯ ಮೇಲೆ ತೋರಿಸಿದ ಕಮಾಂಡುಗಳನ್ನು ಇಲ್ಲಿ ಬಿಡಿಸಿ ಹೇಳಿದ್ದೇನೆ.)

ಎಲ್ಲರಿಗೂ ನಮಸ್ಕಾರ. ಮೊದಲಿಗೆ ನನ್ನ ಮಾನ ಹೋದ ಒಂದು ಕಥೆಯನ್ನು ಹೇಳಿಬಿಡುತ್ತೇನೆ. ಆಮೇಲೆ ನೀವು ಎಷ್ಟು ಸಣ್ಣ ಪ್ರಶ್ನೆಯನ್ನಾದರೂ ಸಂಕೋಚವಿಲ್ಲದೆ ಕೇಳಬಹುದು.

ಕೆಲವು ವರ್ಷಗಳ ಹಿಂದೆ ಪರಿಚಿತರ ಸಂಘವೊಂದಕ್ಕೆ ಸ್ಮರಣ ಸಂಚಿಕೆ ಮಾಡಿಕೊಟ್ಟೆ. ಲೇಖನಗಳೆಲ್ಲ ನುಡಿ ತಂತ್ರಾಂಶದ ಹಳೆಯ ಆಸ್ಕಿ ಫಾಂಟಿನಲ್ಲಿದ್ದವು. ಅವನ್ನು ಈಗ ಎಲ್ಲ ಕಡೆ ಬಳಸುವ ಯೂನಿಕೋಡಿಗೆ ತಿರುಗಿಸಲು ನಾನೇ ಪೈಥಾನ್ ಭಾಷೆಯಲ್ಲಿ ಒಂದು ಸ್ಕ್ರಿಪ್ಟ್, ಅಂದರೆ ಸಣ್ಣ ಪ್ರೋಗ್ರಾಂ, ಬರೆದುಕೊಂಡಿದ್ದೆ. ಈ ಕೆಲಸಕ್ಕೆ ಕೈ ಹಾಕಿದ ಪ್ರತಿಯೊಬ್ಬರಿಗೂ ಅರ್ಕಾವತ್ತಿನ ಕಾಟ ಗೊತ್ತು. ಹಳೆಯ ಫಾಂಟಿನಲ್ಲಿ ಅರ್ಕಾವತ್ತು ಕಣ್ಣಿಗೆ ಕಾಣುವ ಕ್ರಮದಲ್ಲಿ, ಅಂದರೆ ಅಕ್ಷರ ಮುಗಿದ ಮೇಲೆ ಕೂರುತ್ತದೆ. ಯೂನಿಕೋಡಿನಲ್ಲಿ ಬಾಯಿಯಲ್ಲಿ ಬರುವ ಕ್ರಮ. ಹಾಗಾಗಿ ರಕಾರ ಮೊದಲು ಬರಬೇಕು. ಈ ಅದಲುಬದಲು ಮಾಡಲು ಮರೆತರೆ ‘ಕಾರ್ಯಕ್ರಮ’ವು ‘ಕಾಯರ್ಕ್ರಮ’ವಾಗುತ್ತದೆ. ಇಂಥ ಪದಗಳನ್ನು ನೀವು ಸುದ್ದಿ ತಾಣಗಳಲ್ಲಿ ಬೇಕಾದಷ್ಟು ನೋಡಿರುತ್ತೀರಿ.

ಸಂಘದ ಅಧ್ಯಕ್ಷರ ಹೆಸರಿನ ಕೊನೆಯಲ್ಲಿ ‘ಮೂರ್ತಿ’ ಇತ್ತು. ಕರಡಿನಲ್ಲಿ ಅದು ‘ಮೂತಿರ್’ ಎಂದು ಬಂದಿತ್ತು. ನನ್ನ ಕಣ್ಣಿಗೆ ಬಿತ್ತು. ಸ್ಕ್ರಿಪ್ಟ್ ತೆರೆದೆ, ಸರಿಪಡಿಸಿದೆ, ಸೇವ್ ಮಾಡಿದೆ, ಪುಟ ಜೋಡಿಸುವ ಲೇಟೆಕ್ ಪ್ರೋಗ್ರಾಂ ಓಡಿಸಿ ಪಿಡಿಎಫ್ ತೆಗೆದೆ, ಪುಟಗಳ ಸಂಖ್ಯೆ ನೋಡಿ ಮುದ್ರಣಕ್ಕೆ ಕಳಿಸಿದೆ. ನಡುವಿನ ಒಂದು ಕೆಲಸ ಮಾತ್ರ ಬಿಟ್ಟುಹೋಗಿತ್ತು: ಸರಿಪಡಿಸಿದ ಸ್ಕ್ರಿಪ್ಟನ್ನು ಲೇಖನಗಳ ಮೇಲೆ ಮತ್ತೆ ಓಡಿಸಲಿಲ್ಲ. ಹಳೆಯ ಪಠ್ಯಕ್ಕೇ ಹೊಸ ಪಿಡಿಎಫ್ ಹುಟ್ಟಿತು. 500 ಪ್ರತಿಗಳಲ್ಲಿ ಅಧ್ಯಕ್ಷರ ಹೆಸರಿಗೆ ಮೂತಿ ಅಂಟಿಕೊಂಡು ಬಂತು. ಅಧ್ಯಕ್ಷರು ದೊಡ್ಡ ಮನಸ್ಸಿನವರು, ನಕ್ಕರು. ಕಾರ್ಯದರ್ಶಿಗಳು ನಗಲಿಲ್ಲ.

ಈ ತಪ್ಪಿಗೆ ಒಳ್ಳೆಯ ವಂಶಾವಳಿಯೇ ಇದೆ ಎಂದು ಆಮೇಲೆ ತಿಳಿದು ಸ್ವಲ್ಪ ಸಮಾಧಾನವಾಯಿತು. 1976ರಲ್ಲಿ ಅಮೆರಿಕದ ಬೆಲ್ ಲ್ಯಾಬ್ಸ್‌ನಲ್ಲಿ ಸ್ಟೀವ್ ಜಾನ್ಸನ್ ಎಂಬುವರು ಸ್ಟುವರ್ಟ್ ಫೆಲ್ಡ್‌ಮನ್ ಅವರ ಕೋಣೆಗೆ ಹಣೆಬರಹವನ್ನು ಬೈದುಕೊಳ್ಳುತ್ತ ನುಗ್ಗಿದರಂತೆ. ಜಾನ್ಸನ್ ಸಾಮಾನ್ಯರಲ್ಲ, ಯ್ಯಾಕ್ ಎಂಬ ಹೆಸರಾಂತ ಪ್ರೋಗ್ರಾಂ ಬರೆದವರು. ಇಡೀ ಬೆಳಗ್ಗೆ ಒಂದು ದೋಷದ ಬೆನ್ನು ಹತ್ತಿ ಸುಸ್ತಾಗಿದ್ದರು. ನೋಡಿದರೆ ದೋಷವನ್ನು ಸರಿಮಾಡಿ ಆಗಿತ್ತು. ಸರಿಮಾಡಿದ ಫೈಲನ್ನು ಕಂಪೈಲ್ ಮಾಡಿರಲಿಲ್ಲ, ಅಂದರೆ ಯಂತ್ರ ಓಡಿಸುವ ರೂಪಕ್ಕೆ ತಿರುಗಿಸಿರಲಿಲ್ಲ, ಅಷ್ಟೇ. ಫೆಲ್ಡ್‌ಮನ್ ಹಿಂದಿನ ಸಂಜೆ ಅದೇ ಗುಂಡಿಗೆ ಬಿದ್ದು ಎದ್ದಿದ್ದರು. ಆ ವಾರಾಂತ್ಯದಲ್ಲಿ ಕುಳಿತು ಬರೆದ ಪ್ರೋಗ್ರಾಮೇ ಮೇಕ್. 2003ರಲ್ಲಿ ಅದಕ್ಕೆ ಕಂಪ್ಯೂಟರ್ ತಜ್ಞರ ಎಸಿಎಂ ಸಂಸ್ಥೆಯ ಸಾಫ್ಟ್‌ವೇರ್ ಸಿಸ್ಟಂ ಪ್ರಶಸ್ತಿ ಸಂದಿತು.

ಮೇಕ್‌ಗೆ ನಾವು ಹೇಳಬೇಕಾದದ್ದು ಅಡುಗೆ ಮನೆಯ ಲೆಕ್ಕದ ಹಾಗೆ. ಒಗ್ಗರಣೆ ಹಾಕಬೇಕಾದರೆ ಬೇಳೆ ಬೆಂದಿರಬೇಕು, ಬೇಳೆ ಬೇಯಬೇಕಾದರೆ ತೊಳೆದಿರಬೇಕು. ನನ್ನ ಸಂಚಿಕೆಗೆ ಅದು ಹೀಗಿರುತ್ತಿತ್ತು: ಪಿಡಿಎಫ್ ಆಗಬೇಕಾದರೆ ಲೇಟೆಕ್ ಫೈಲು ಮತ್ತು ಯೂನಿಕೋಡ್ ಪಠ್ಯ ಬೇಕು, ಯೂನಿಕೋಡ್ ಪಠ್ಯ ಆಗಬೇಕಾದರೆ ನುಡಿಯ ಪಠ್ಯ ಬೇಕು, ಸ್ಕ್ರಿಪ್ಟೂ ಬೇಕು. ಕೊನೆಯ ಆ ‘ಸ್ಕ್ರಿಪ್ಟೂ’ ಎಂಬ ಪದವನ್ನು ಬರೆದಿಟ್ಟಿದ್ದರೆ ನನ್ನ ಮಾನ ಉಳಿಯುತ್ತಿತ್ತು. ಮೇಕ್ ಪ್ರತಿ ಫೈಲೂ ಕೊನೆಯ ಬಾರಿ ಬದಲಾದ ಹೊತ್ತನ್ನು ನೋಡುತ್ತದೆ. ಯಾವುದರಿಂದ ಮಾಡಲಾಗಿದೆಯೋ ಅದು, ಮಾಡಿದ್ದಕ್ಕಿಂತ ಹೊಸದಾಗಿದ್ದರೆ, ಮತ್ತೆ ಮಾಡುತ್ತದೆ. ಇಲ್ಲದಿದ್ದರೆ ಮುಟ್ಟುವುದಿಲ್ಲ. ಇಷ್ಟೇ ತತ್ತ್ವ.

(ವಿದ್ಯಾರ್ಥಿಗಳಿಗೆ ಒಂದು ಪಕ್ಕದ ಮಾತು. ಮೇಲಿನ ಲೆಕ್ಕವನ್ನು ಬರೆದಿಡುವ ಫೈಲಿಗೆ ಮೇಕ್‌ಫೈಲ್ ಎನ್ನುತ್ತಾರೆ. ಮೇಕ್‌ಫೈಲಿನಲ್ಲಿ ಕಮಾಂಡಿನ ಸಾಲು ಟ್ಯಾಬ್‌ನಿಂದಲೇ ಶುರುವಾಗಬೇಕು, ಸ್ಪೇಸ್ ಹಾಕಿದರೆ ಬೈಸಿಕೊಳ್ಳುತ್ತೀರಿ. ಇದು ಸರಿಯಿಲ್ಲ ಎಂದು ಫೆಲ್ಡ್‌ಮನ್ ಅವರಿಗೆ ಕೆಲವೇ ವಾರಗಳಲ್ಲಿ ಗೊತ್ತಾಗಿತ್ತು. ಆದರೆ ಅಷ್ಟರಲ್ಲಿ ಹತ್ತು ಹನ್ನೆರಡು ಜನ ಬಳಸಲು ಶುರುಮಾಡಿದ್ದರು, ಹೆಚ್ಚಿನವರು ಸ್ನೇಹಿತರು. ಅವರಿಗೆ ತೊಂದರೆಯಾದೀತು ಎಂದು ಬದಲಿಸಲಿಲ್ಲ. ಆ ಹನ್ನೆರಡು ಜನರ ಮೇಲಿನ ದಾಕ್ಷಿಣ್ಯಕ್ಕೆ ಮೂರು ತಲೆಮಾರಿನ ಪ್ರೋಗ್ರಾಮರುಗಳು ದಂಡ ಕಟ್ಟುತ್ತಿದ್ದಾರೆ.)

ಮೇಕ್ ಬಹಳ ಶಿಸ್ತಿನ ಅಡುಗೆ ಭಟ್ಟ. ಒಂದೇ ಕೊರತೆ ಎಂದರೆ ಕರೆಯದೆ ಬರುವುದಿಲ್ಲ. ಪ್ರತಿ ಸಲ ಸೇವ್ ಮಾಡಿ, ಟರ್ಮಿನಲ್ಲಿಗೆ, ಅಂದರೆ ಕಮಾಂಡು ಬರೆಯುವ ಕಿಟಕಿಗೆ ಹೋಗಿ, ‘ಮೇಕ್’ ಎಂದು ಬರೆದು ಎಂಟರ್ ಒತ್ತಬೇಕು. ದಿನಕ್ಕೆ ಇನ್ನೂರು ಸಲ ಮಾಡುವ ಕೆಲಸದಲ್ಲಿ ಒಂದು ಸಲ ಮರೆಯುತ್ತೇವೆ, ಮೂತಿ ಬರುವುದು ಆ ಒಂದು ಸಲವೇ. ಇವತ್ತು ನಾನು ಮಾತನಾಡಲು ಬಂದಿರುವುದು ಈ ಕರೆಯುವ ಕೆಲಸದ ಬಗ್ಗೆ: ಫೈಲ್ ಬದಲಾದ ಕೂಡಲೇ ತಾನಾಗಿ ಹೋಗಿ ಭಟ್ಟನನ್ನು ಎಬ್ಬಿಸುವ ಸಣ್ಣ ಪ್ರೋಗ್ರಾಮುಗಳ ಬಗ್ಗೆ. ಏನು ಮಾಡಬೇಕು ಎಂಬುದು ಒಬ್ಬನಿಗೆ, ಯಾವಾಗ ಮಾಡಬೇಕು ಎಂಬುದು ಇನ್ನೊಬ್ಬನಿಗೆ ಬಿಡಬೇಕು ಎಂಬುದು ನನ್ನ ಪಕ್ಷ. ಇದನ್ನು ಒಪ್ಪದವರು ಇಲ್ಲೇ ಇಬ್ಬರು ಕುಳಿತಿರುವುದು ನನಗೆ ಕಾಣುತ್ತಿದೆ, ಅವರ ಸರದಿ ಆಮೇಲೆ ಬರುತ್ತದೆ.

ಫೈಲ್ ಬದಲಾದದ್ದು ಗೊತ್ತಾಗುವುದು ಹೇಗೆ? ಎರಡು ದಾರಿಗಳಿವೆ. ಒಂದು, ಒಲೆಯ ಮೇಲಿನ ಹಾಲನ್ನು ಕಾದ ಹಾಗೆ ಕಣ್ಣಲ್ಲಿ ಕಣ್ಣಿಟ್ಟು ಕಾಯುವುದು. ಪ್ರೋಗ್ರಾಂ ಸೆಕೆಂಡಿಗೊಮ್ಮೆ ಎದ್ದು ಪ್ರತಿ ಫೈಲಿನ ಹತ್ತಿರವೂ ಹೋಗಿ ‘ಬದಲಾದೆಯಾ?’ ಎಂದು ಕೇಳುತ್ತದೆ. ಇದಕ್ಕೆ ಪೋಲಿಂಗ್ ಎನ್ನುತ್ತಾರೆ. ಹತ್ತು ಫೈಲುಗಳಿದ್ದರೆ ಸರಿ, ಐವತ್ತು ಸಾವಿರ ಇದ್ದರೆ ಲ್ಯಾಪ್‌ಟಾಪಿನ ಫ್ಯಾನ್ ನಿಮ್ಮ ಪರವಾಗಿ ಅಳಲು ಶುರುಮಾಡುತ್ತದೆ. ಇನ್ನೊಂದು ಕುಕ್ಕರಿನ ದಾರಿ. ಇಟ್ಟು ಹೊರಗೆ ಬಂದು ಪೇಪರ್ ಓದಬಹುದು. ಕೂಗಿದಾಗ ಎದ್ದರೆ ಸಾಕು. ಆದರೆ ಕೂಗುವುದಕ್ಕೆ ಕುಕ್ಕರಿಗೇ ಬರಬೇಕು. ಅಂದರೆ ಆಪರೇಟಿಂಗ್ ಸಿಸ್ಟಂನ ಒಳಗೆ, ಕರ್ನಲ್ ಎಂಬ ಅದರ ತಿರುಳಿನಲ್ಲಿ, ಆ ವ್ಯವಸ್ಥೆ ಇರಬೇಕು.

ಲಿನಕ್ಸ್ ಎಂಬ ಆಪರೇಟಿಂಗ್ ಸಿಸ್ಟಂನಲ್ಲಿ ಈ ಕೂಗುವ ಕೆಲಸಕ್ಕೆ ಮೊದಲು ಬಂದದ್ದು ಡಿನೋಟಿಫೈ. ಅದು ಫೋಲ್ಡರಿನಲ್ಲಿ ಏನೋ ಆಯಿತು ಎನ್ನುತ್ತಿತ್ತು. ಯಾವ ಫೈಲಿಗೆ ಎಂದು ಹೇಳುತ್ತಿರಲಿಲ್ಲ. ಸಾಲದ್ದಕ್ಕೆ, ಕಾಯುತ್ತಿರುವ ಪ್ರತಿ ಫೋಲ್ಡರನ್ನೂ ತೆರೆದೇ ಇಟ್ಟುಕೊಳ್ಳಬೇಕಿತ್ತು. ಪೆನ್‌ಡ್ರೈವಿನ ಫೋಲ್ಡರನ್ನು ಕಾಯಲು ಹೇಳಿದರೆ, ಕಾಯುವುದನ್ನು ನಿಲ್ಲಿಸುವ ತನಕ ಆ ಪೆನ್‌ಡ್ರೈವನ್ನು ಸರಿಯಾಗಿ ಹೊರತೆಗೆಯಲು ಆಗುತ್ತಿರಲಿಲ್ಲ. 2005ರ ಆಗಸ್ಟಿನಲ್ಲಿ 2.6.13ನೇ ಕರ್ನಲ್ ಜೊತೆ ಐನೋಟಿಫೈ ಬಂತು. ಜಾನ್ ಮೆಕ್‌ಕಚನ್ ಮತ್ತು ರಾಬರ್ಟ್ ಲವ್ ಅದರ ಹಿಂದಿದ್ದವರು. ಇವತ್ತಿಗೂ ಲಿನಕ್ಸಿನ ಹೆಚ್ಚಿನ ಕಾವಲು ಪ್ರೋಗ್ರಾಮುಗಳು ನಿಂತಿರುವುದು ಇದರ ಮೇಲೆಯೇ. ಮ್ಯಾಕ್‌ನಲ್ಲಿ 2007ರ ಲೆಪರ್ಡ್ ಆವೃತ್ತಿಯಿಂದ ಎಫ್ಎಸ್ಇವೆಂಟ್ಸ್ ಇದೆ, ಬಿಎಸ್‌ಡಿ ಎಂಬ ಇನ್ನೊಂದು ಆಪರೇಟಿಂಗ್ ಸಿಸ್ಟಂ ಕಡೆಯವರಿಗೆ ಕೆಕ್ಯೂ ಇದೆ, ವಿಂಡೋಸ್‌ನಲ್ಲಿ ಅದರದೇ ವ್ಯವಸ್ಥೆ ಇದೆ. ಒಂದೊಂದರ ಸ್ವಭಾವವೂ ಬೇರೆ. ಅದನ್ನೆಲ್ಲ ಹೇಳಿದರೆ ಚಹಾ ಆರಿಹೋಗುತ್ತದೆ.

ಐನೋಟಿಫೈಗೆ ಒಂದು ಮಿತಿ ಇದೆ: ಅದು ಒಳ ಫೋಲ್ಡರುಗಳಿಗೆ ತಾನಾಗಿ ಇಳಿಯುವುದಿಲ್ಲ. ಒಂದೊಂದು ಫೋಲ್ಡರಿಗೂ ಒಂದೊಂದು ಕಾವಲು ಹಾಕಬೇಕು. ಒಬ್ಬ ಬಳಕೆದಾರ ಎಷ್ಟು ಕಾವಲು ಹಾಕಬಹುದು ಎಂಬುದಕ್ಕೂ ಕಟ್ಟುಪಾಡು ಇದೆ. ಬಹಳ ಕಾಲ ಅದು 8192 ಇತ್ತು. 2021ರಲ್ಲಿ ಬಂದ 5.11ನೇ ಕರ್ನಲ್ಲಿನಿಂದ ಮೆಮೊರಿ ನೋಡಿಕೊಂಡು ತಾನೇ ಲೆಕ್ಕ ಹಾಕುತ್ತದೆ, 10,48,576ರ ತನಕ ಹೋಗಬಹುದು. 8192 ಎಂದರೆ ಬೇಕಾದಷ್ಟಾಯಿತಲ್ಲ ಎಂದು ನಿಮಗೆ ಅನಿಸಬಹುದು. ವೆಬ್ ಪುಟಗಳ ಭಾಷೆಯಾದ ಜಾವಾಸ್ಕ್ರಿಪ್ಟಿನಲ್ಲಿ ಪ್ರಾಜೆಕ್ಟು ಮಾಡಿದವರು ಈಗ ಮುಗುಳ್ನಗುತ್ತಿದ್ದಾರೆ ನೋಡಿ. ಅಲ್ಲಿ ಒಂದು ಕ್ಯಾಲೆಂಡರ್ ತೋರಿಸಬೇಕಾದರೂ ಸಾವಿರಾರು ಫೋಲ್ಡರುಗಳು ದಿಬ್ಬಣದ ಹಾಗೆ ಹಿಂದೆ ಬರುತ್ತವೆ.

ನನಗೂ ಹಾಗೆ ಆಯಿತು. ಒಂದು ದಿನ ಕಾವಲು ಪ್ರೋಗ್ರಾಂ ಶುರುವಾಗಲೇ ಇಲ್ಲ. ಟರ್ಮಿನಲ್ಲಿನಲ್ಲಿ ಇಂಗ್ಲಿಷಿನಲ್ಲಿ ಒಂದು ಸಾಲು ಬಂತು, ‘ಸಾಧನದಲ್ಲಿ ಜಾಗ ಉಳಿದಿಲ್ಲ’ ಎಂಬ ಅರ್ಥದ್ದು. ಡಿಸ್ಕ್ ತುಂಬಿರಬೇಕು ಎಂದುಕೊಂಡೆ. ಹಳೆಯ ಪ್ರವಾಸದ ವಿಡಿಯೋಗಳನ್ನು ಅಳಿಸಿದೆ. ಮತ್ತೆ ಅದೇ ಸಾಲು. ಬ್ಯಾಕಪ್ ಅಳಿಸಿದೆ. ಮತ್ತೆ ಅದೇ. ಆಮೇಲೆ ನೋಡಿದರೆ ಡಿಸ್ಕಿನಲ್ಲಿ ಅರ್ಧಕ್ಕರ್ಧ ಜಾಗ ಖಾಲಿ ಇತ್ತು, ಮೊದಲಿನಿಂದಲೂ ಇತ್ತು. ಕಾವಲಿನ ಮಿತಿ ಮೀರಿದಾಗ ಹೇಳಲು ಕರ್ನಲ್ ಬಳಗ ಹೊಸ ಸಂದೇಶವನ್ನು ಹುಟ್ಟಿಸಲಿಲ್ಲ, ಡಿಸ್ಕ್ ತುಂಬಿದಾಗ ಬರುವ ಹಳೆಯ ದೋಷ ಸಂಖ್ಯೆಯನ್ನೇ ಮರುಬಳಕೆ ಮಾಡಿತು. ಆ ವಿಡಿಯೋಗಳಲ್ಲಿ ಜೋಗದ ಮುಂದೆ ಅಮ್ಮ ಕೊಡೆ ಹಿಡಿದುಕೊಂಡು ನಿಂತಿದ್ದದ್ದೂ ಇತ್ತು. ದೋಷ ಸಂದೇಶ ಬರೆಯುವ ಹುಡುಗರಿಗೆ ನಾನು ಈ ಕಥೆಯನ್ನು ತಪ್ಪದೆ ಹೇಳುತ್ತೇನೆ.

ಈಗ ನನಗೆ ಇಷ್ಟವಾದ ಭಾಗಕ್ಕೆ ಬರೋಣ. ಫೈಲ್ ‘ಬದಲಾಯಿತು’ ಎನ್ನುತ್ತೇವಲ್ಲ, ಆ ಬದಲಾವಣೆ ಎಂದರೆ ಏನು? ನೀವು ಸೇವ್ ಒತ್ತುವುದು ಒಂದೇ ಸಲ. ಕರ್ನಲ್ ನೋಡುವುದು ಒಂದು ಸಣ್ಣ ಯಕ್ಷಗಾನ ಪ್ರಸಂಗ.

ಪರದೆಯ ಮೇಲೆ ಎರಡು ಕಿಟಕಿಗಳಿವೆ. ಎಡಗಡೆ ವಿಮ್ ಎಡಿಟರಿನಲ್ಲಿ ಒಂದು ಪಠ್ಯ ಫೈಲ್. ಬಲಗಡೆ ಐನೋಟಿಫೈವೇಟ್ ಎಂಬ ಕಮಾಂಡು, ಫೋಲ್ಡರಿನಲ್ಲಿ ಆಗುವುದನ್ನೆಲ್ಲ ಒದರುತ್ತ ಕೂರುತ್ತದೆ. ಎಡಗಡೆ ಒಂದು ಅಲ್ಪವಿರಾಮ ಸೇರಿಸಿ ಸೇವ್ ಮಾಡುತ್ತೇನೆ. ಬಲಗಡೆ ನೋಡಿ, ಹನ್ನೆರಡು ಹದಿಮೂರು ಸಾಲುಗಳು ಬಿದ್ದವು. ಮೊದಲ ಸಾಲು: ‘4913’ ಎಂಬ ಹೆಸರಿನ ಫೈಲ್ ಹುಟ್ಟಿತು. ನಾನು ಅಂಥ ಫೈಲ್ ಮಾಡಿಲ್ಲ! ಮೂರು ಸಾಲು ಕೆಳಗೆ ಅದು ಸತ್ತೂ ಹೋಯಿತು. ಇದು ವಿಮ್‌ನ ಕೆಲಸ. ಈ ಫೋಲ್ಡರಿನಲ್ಲಿ ಹೊಸ ಫೈಲ್ ಮಾಡಲು ತನಗೆ ಸಾಧ್ಯವೇ ಎಂದು ಮೊದಲು ಒಂದು ಡಮ್ಮಿ ಫೈಲ್ ಮಾಡಿ ನೋಡುತ್ತದೆ. ಆ ಹೆಸರಿನದು ಆಗಲೇ ಇದ್ದರೆ 123 ಕೂಡಿಸಿ ಮುಂದಿನ ಸಂಖ್ಯೆ ಹಿಡಿಯುತ್ತದೆ. ಆಮೇಲೆ ನನ್ನ ಮೂಲ ಫೈಲಿನ ಹೆಸರು ಬದಲಾಗಿ ಬಾಲಕ್ಕೊಂದು ಅಲೆಗೆರೆ (~) ಸೇರಿತು. ಖಾಲಿಯಾದ ಹೆಸರಿನಲ್ಲಿ ಹೊಸ ಫೈಲ್ ಹುಟ್ಟಿತು, ಅದರಲ್ಲಿ ಬರೆಯಲಾಯಿತು, ಮುಚ್ಚಲಾಯಿತು. ಕೊನೆಗೆ ಅಲೆಗೆರೆಯ ಹಳೆಯ ಫೈಲ್ ಅಳಿಯಿತು.

ಇಲ್ಲಿ ಏನಾಯಿತು ಎಂದು ಸ್ವಲ್ಪ ಯೋಚಿಸಿ. ಹೆಸರು ಉಳಿಯಿತು, ಆಸಾಮಿ ಬದಲಾದ. ಲಿನಕ್ಸಿಗೆ ಫೈಲ್ ಎಂದರೆ ಹೆಸರಲ್ಲ, ಐನೋಡ್ ಎಂಬ ಒಳಗಿನ ದಾಖಲೆ. ಫೋಲ್ಡರಿನ ಬದಲು ಫೈಲಿಗೇ ಕಾವಲು ಹಾಕಿದರೆ ಅದು ಬೀಳುವುದು ಆ ದಾಖಲೆಗೆ. ಸೇವ್ ಆದ ಮೇಲೆ ಆ ದಾಖಲೆ ಅಳಿದುಹೋಗಿದೆ, ಅದೇ ಹೆಸರಿನಲ್ಲಿ ಬೇರೊಬ್ಬ ಬಂದು ಕುಳಿತಿದ್ದಾನೆ. ಇದನ್ನು ತಿಳಿಯದೆ ಬರೆದ ಕಾವಲು ಪ್ರೋಗ್ರಾಮುಗಳು ಮೊದಲ ಸೇವ್‌ಗೆ ಸರಿಯಾಗಿ ಕೂಗಿ, ಎರಡನೆಯದಕ್ಕೆ ಸುಮ್ಮನಾಗುತ್ತವೆ. ‘ಒಂದೇ ಸಲ ಕೆಲಸ ಮಾಡಿತು, ಆಮೇಲೆ ಇಲ್ಲ’ ಎಂದು ಯಾರಾದರೂ ದೂರಿದರೆ ಅವರ ಎಡಿಟರ್ ಯಾವುದು ಎಂದು ಕೇಳಿ.

ಈ ಹದಿಮೂರು ಸಾಲುಗಳಲ್ಲಿ ಯಾವುದಕ್ಕೆ ಭಟ್ಟನನ್ನು ಎಬ್ಬಿಸಬೇಕು? ಎಲ್ಲದಕ್ಕೂ ಎಬ್ಬಿಸಿದರೆ ಒಂದು ಅಲ್ಪವಿರಾಮಕ್ಕೆ ಹದಿಮೂರು ಪಿಡಿಎಫ್. ‘ಬರೆಯಲಾಯಿತು’ ಎಂಬ ಸಾಲಿಗೆ ಎಬ್ಬಿಸಿದರೆ ಬರೆಯುವುದು ಇನ್ನೂ ಮುಗಿದಿರಲಿಕ್ಕಿಲ್ಲ, ಅರ್ಧ ಫೈಲ್ ಕೈಗೆ ಸಿಗಬಹುದು. ‘ಬರೆದು ಮುಚ್ಚಲಾಯಿತು’ ಎಂಬುದು ವಾಸಿ. ಅದಕ್ಕಿಂತ ವಾಸಿ, ಮೊದಲ ಕೂಗಿಗೇ ಏಳದೆ ಗಲಾಟೆ ತಣ್ಣಗಾಗಲು ಕ್ಷಣಕಾಲ ಬಿಟ್ಟು, ಬಂದದ್ದನ್ನೆಲ್ಲ ಒಂದೇ ಎಂದು ಎಣಿಸುವುದು. ಮೊದಲ ಕೂಗಿಗೆ ಯಾರೂ ಕುಕ್ಕರ್ ಇಳಿಸುವುದಿಲ್ಲ ತಾನೇ.

ನಾನು ಈ ಪಾಠ ಕಲಿತದ್ದು ಸ್ವಂತ ಶೆಲ್ ಸ್ಕ್ರಿಪ್ಟ್, ಅಂದರೆ ಟರ್ಮಿನಲ್ ಕಮಾಂಡುಗಳ ಸಣ್ಣ ಪ್ರೋಗ್ರಾಂ, ಬರೆದು. ಮೂತಿ ಪ್ರಕರಣವಾದ ಮೇಲೆ ಹಟಕ್ಕೆ ಬಿದ್ದು ಎರಡು ಸಾಲಿನ ಲೂಪ್ ಬರೆದೆ: ಬದಲಾವಣೆಗೆ ಕಾಯಿ, ಬಂದರೆ ಮೇಕ್ ಓಡಿಸು, ಮತ್ತೆ ಕಾಯಿ. ಚೆನ್ನಾಗಿಯೇ ನಡೆಯಿತು, ಎಲ್ಲಿಯವರೆಗೆ ಎಂದರೆ, ಮೇಕ್ ಓಡುತ್ತಿರುವಾಗ ನಾನು ಇನ್ನೊಂದು ಸಲ ಸೇವ್ ಮಾಡುವವರೆಗೆ. ಆ ಹೊತ್ತಿನಲ್ಲಿ ಕಾಯುವವನೇ ಇರಲಿಲ್ಲ, ಹಾಗಾಗಿ ಆ ಸೇವ್ ಗಾಳಿಗೆ ಹೋಯಿತು. ಮತ್ತೆ ಹಳೆಯ ಪಿಡಿಎಫ್! ಸರಿ, ಬಿಡದೆ ಕಾಯುತ್ತಲೇ ಇರಲಿ, ಬಂದ ಸುದ್ದಿಗಳು ಸಾಲಿನಲ್ಲಿ ನಿಲ್ಲಲಿ ಎಂದು ಬದಲಿಸಿದೆ. ಆಗ ಏನಾಯಿತು ಗೊತ್ತೇ? ಲೇಟೆಕ್ ತನ್ನ ಲಾಗ್ ಮತ್ತು ಆಕ್ಸ್ ಎಂಬ ಟಿಪ್ಪಣಿ ಫೈಲುಗಳನ್ನು ಅದೇ ಫೋಲ್ಡರಿನಲ್ಲಿ ಬರೆಯುತ್ತದೆ. ಅದೂ ಬದಲಾವಣೆಯೇ. ಬದಲಾವಣೆ ಬಂತೆಂದು ಲೇಟೆಕ್ ಓಡಿತು, ಓಡಿದ್ದಕ್ಕೆ ಮತ್ತೆ ಬದಲಾವಣೆ ಆಯಿತು. ನನ್ನ ಮೇಕ್‌ಫೈಲಿನಲ್ಲಿ ಆಗ ಅವಲಂಬನೆಗಳನ್ನು ಸರಿಯಾಗಿ ಬರೆದಿರಲಿಲ್ಲ, ಹಾಗಾಗಿ ತಡೆಯುವವರೂ ಯಾರೂ ಇರಲಿಲ್ಲ. ತನ್ನ ಬಾಲವನ್ನೇ ಹಿಡಿಯಲು ಹೊರಟ ನಾಯಿಯ ಹಾಗೆ ರಾತ್ರಿಯಿಡೀ ಸುತ್ತಿತು. ಬೆಳಗ್ಗೆ ಮುಟ್ಟಿದರೆ ಲ್ಯಾಪ್‌ಟಾಪಿನ ಮೇಲೆ ದೋಸೆ ಹುಯ್ಯಬಹುದಿತ್ತು.

ಹೀಗೆ ಸುತ್ತಾಡಿ ನಾನು ತಲುಪಿದ್ದು ಎಂಟ್ರ್ ಎಂಬ ಸಲಕರಣೆಗೆ. ಎರಿಕ್ ರಾಡ್‌ಮನ್ ಎಂಬುವರು ಸಿ ಭಾಷೆಯಲ್ಲಿ ಬರೆದದ್ದು, 2012ರಿಂದ ಇದೆ. ಲಿನಕ್ಸ್, ಬಿಎಸ್‌ಡಿ, ಮ್ಯಾಕ್ ಎಲ್ಲದರಲ್ಲೂ ಓಡುತ್ತದೆ. ಇದಕ್ಕೆ ಸಂರಚನೆಯ ಫೈಲ್ ಇಲ್ಲ, ಪ್ಲಗಿನ್ ಇಲ್ಲ, ಬಣ್ಣದ ಐಕಾನ್ ಇಲ್ಲ. ಫೈಲುಗಳ ಪಟ್ಟಿಯನ್ನು ನೀವೇ ಮಾಡಿ ಪೈಪ್ (ಒಂದು ಕಮಾಂಡಿನ ಉತ್ತರವನ್ನು ಇನ್ನೊಂದಕ್ಕೆ ದಾಟಿಸುವ ಗುರುತು) ಮೂಲಕ ಕೊಡಬೇಕು, ಪಕ್ಕದಲ್ಲಿ ಯಾವ ಕಮಾಂಡ್ ಓಡಿಸಬೇಕು ಎಂದು ಬರೆಯಬೇಕು. ನನ್ನ ಸಂಚಿಕೆಯ ಮಟ್ಟಿಗೆ: ಫೈಲುಗಳ ಪಟ್ಟಿ ಕೊಡುವ ‘ಎಲ್ಎಸ್’ ಕಮಾಂಡು ಬರೆದು ನುಡಿಯ ಪಠ್ಯಗಳು, ಪೈಥಾನ್ ಸ್ಕ್ರಿಪ್ಟು, ಲೇಟೆಕ್ ಫೈಲು ಇಷ್ಟನ್ನು ಹೆಸರಿಸಿ, ಪೈಪಿನ ನೇರ ಗೆರೆ ಎಳೆದು, ಆಚೆಗೆ ‘ಎಂಟ್ರ್ ಮೇಕ್’. ಮುಗಿಯಿತು.

ಪಟ್ಟಿಯನ್ನು ನಾವೇ ಕೊಡಬೇಕು ಎಂಬುದು ಮೊದಮೊದಲು ನನಗೆ ಸೋಮಾರಿತನವಾಗಿ ಕಂಡಿತು. ಇಡೀ ಫೋಲ್ಡರ್ ನೋಡಿಕೋ ಎಂದರೆ ನೋಡಿಕೊಳ್ಳಬಾರದೇ? ಆದರೆ ನಾಯಿಯ ಬಾಲದ ಸಮಸ್ಯೆ ಇಲ್ಲಿ ತಾನಾಗಿ ಬಿದ್ದುಹೋಯಿತು ನೋಡಿ. ಲಾಗ್, ಆಕ್ಸ್, ಪಿಡಿಎಫ್ ಯಾವುವೂ ಪಟ್ಟಿಯಲ್ಲಿಲ್ಲ, ಅವು ಎಷ್ಟು ಬದಲಾದರೂ ಎಂಟ್ರ್ ತಲೆಕೆಡಿಸಿಕೊಳ್ಳುವುದಿಲ್ಲ. ವಿಮ್‌ನ 4913 ಕೂಡ ಪಟ್ಟಿಯಲ್ಲಿಲ್ಲ. ಐನೋಡ್ ಬದಲಾದರೆ ಅದೇ ಹೆಸರಿನ ಹೊಸ ಫೈಲನ್ನು ಹುಡುಕಿ ಮತ್ತೆ ಕಾವಲು ಹಾಕಿಕೊಳ್ಳುವಷ್ಟು ಬುದ್ಧಿ ಅದಕ್ಕಿದೆ. ಯಾವುದು ನನ್ನ ಕೈಕೆಲಸ, ಯಾವುದು ಯಂತ್ರದ ಉತ್ಪನ್ನ ಎಂದು ಗೊತ್ತಿರುವುದು ನನಗೆ ಮಾತ್ರ, ಅದನ್ನು ಊಹಿಸಲು ಹೋಗದಿರುವುದೇ ಈ ಸಲಕರಣೆಯ ಜಾಣತನ.

ಹೊಸ ಫೈಲ್ ಸೇರಿದರೆ? ಪಟ್ಟಿ ಮಾಡುವಾಗ ಇಲ್ಲದ ಫೈಲ್ ಅದಕ್ಕೆ ಗೊತ್ತಾಗುವುದಿಲ್ಲ. ಅದಕ್ಕಾಗಿ ‘ಡಿ’ ಎಂಬ ಆಯ್ಕೆ ಇದೆ: ಫೋಲ್ಡರಿಗೆ ಹೊಸಬರು ಬಂದರೆ ಎಂಟ್ರ್ ಕೆಲಸ ನಿಲ್ಲಿಸಿ ಹೊರಬೀಳುತ್ತದೆ. ಹೊರಗೆ ಒಂದು ಲೂಪ್ ಇಟ್ಟುಕೊಂಡರೆ ಪಟ್ಟಿಯನ್ನು ಹೊಸದಾಗಿ ಮಾಡಿ ಮತ್ತೆ ಶುರುಮಾಡುತ್ತದೆ. ಒರಟು ಉಪಾಯ ನಿಜ, ಕೆಲಸವಂತೂ ಆಗುತ್ತದೆ. ವೆಬ್ ಸರ್ವರ್ ಬರೆಯುವ ವಿದ್ಯಾರ್ಥಿಗಳಿಗೆ ‘ಆರ್’ ಆಯ್ಕೆ ಬೇಕಾದೀತು, ಓಡುತ್ತಿರುವ ಸರ್ವರನ್ನು ನಿಲ್ಲಿಸಿ ಮತ್ತೆ ಹೊಡೆದೆಬ್ಬಿಸುತ್ತದೆ. ‘ಸಿ’ ಹಾಕಿದರೆ ಪ್ರತಿ ಸಲ ಪರದೆ ಒರೆಸುತ್ತದೆ.

ಈಗ ನನ್ನನ್ನು ಒಪ್ಪದವರ ಸರದಿ. ಹಿಂದಿನ ಸಾಲಿನಿಂದ ಒಬ್ಬರು ಗಾರ್ಡ್ ಹೆಸರು ಹೇಳಿದರು. ಗಾರ್ಡ್ ಇನ್ನೊಂದು ಕಾವಲು ಪ್ರೋಗ್ರಾಂ, 2010ರಲ್ಲಿ ರೂಬಿ ಎಂಬ ಪ್ರೋಗ್ರಾಮಿಂಗ್ ಭಾಷೆಯ ಬಳಗದಿಂದ ಬಂದದ್ದು. ರೂಬಿಯಲ್ಲಿ ವೆಬ್ ತಾಣ ಕಟ್ಟುವ ರೈಲ್ಸ್ ಪ್ರಾಜೆಕ್ಟುಗಳಲ್ಲಿ ಒಂದು ಕಾಲಕ್ಕೆ ಗಾರ್ಡ್‌ಫೈಲ್ ಇಲ್ಲದ ಮನೆಯೇ ಇರಲಿಲ್ಲ ಎನ್ನಬಹುದು. ಆ ಫೈಲಿನಲ್ಲಿ ನಿಯಮಗಳನ್ನು ರೂಬಿಯಲ್ಲೇ ಬರೆಯುತ್ತೀರಿ: ಈ ನಮೂನೆಯ ಹೆಸರಿರುವ ಫೈಲ್ ಬದಲಾದರೆ, ಆ ಹೆಸರಿನ ಪರೀಕ್ಷೆಯನ್ನು (ಬರೆದದ್ದು ಸರಿಯಿದೆಯೇ ಎಂದು ನೋಡುವ ಪುಟ್ಟ ಪ್ರೋಗ್ರಾಮನ್ನು) ಮಾತ್ರ ಓಡಿಸು. ಅದು ನಿಜಕ್ಕೂ ಸೊಗಸು. ಎರಡು ಸಾವಿರ ಪರೀಕ್ಷೆಗಳಿರುವ ಪ್ರಾಜೆಕ್ಟಿನಲ್ಲಿ ಒಂದು ಸಾಲು ತಿದ್ದಿದ್ದಕ್ಕೆ ಎಲ್ಲವನ್ನೂ ಓಡಿಸುತ್ತ ಕೂತರೆ ಚಹಾ ಅಲ್ಲ, ಊಟವೇ ಆರುತ್ತದೆ. ಪರೀಕ್ಷೆಗೆ ಒಂದು, ಬ್ರೌಸರನ್ನು ತಾನಾಗಿ ರೀಲೋಡ್ ಮಾಡುವುದಕ್ಕೆ ಇನ್ನೊಂದು ಎಂದು ಪ್ಲಗಿನ್‌ಗಳೂ ಇವೆ. ನನ್ನ ತಕರಾರು ಇಷ್ಟೇ: ಯಾವುದಕ್ಕೆ ಯಾವುದು ಸಂಬಂಧ ಎಂಬ ತಿಳಿವಳಿಕೆಯೆಲ್ಲ ಕಾವಲುಗಾರನ ಡೈರಿಯಲ್ಲಿ ಸೇರಿಹೋಗುತ್ತದೆ. ಅವನು ರಜೆ ಹಾಕಿದ ದಿನ ಕೈಯಿಂದ ಕೆಲಸ ಮಾಡಲು ಹೋದರೆ ನಮಗೆ ಏನೂ ಗೊತ್ತಿರುವುದಿಲ್ಲ. ಅದೇ ತಿಳಿವಳಿಕೆ ಮೇಕ್‌ಫೈಲಿನಲ್ಲಿದ್ದರೆ ಕಾವಲು ಇದ್ದರೂ ಮೇಕ್ ಓಡುತ್ತದೆ, ಇಲ್ಲದಿದ್ದರೂ ಓಡುತ್ತದೆ. ರೂಬಿಯೇ ಮಾತೃಭಾಷೆ ಎನ್ನುವವರು ಗಾರ್ಡ್ ಬಳಸಿ, ನನ್ನ ಆಕ್ಷೇಪಣೆ ಇಲ್ಲ.

ಇನ್ನೊಬ್ಬರ ಪ್ರಶ್ನೆ ಹೆಚ್ಚು ಮೊನಚಾಗಿತ್ತು. ‘ಲೇಟೆಕ್ ಮಾತ್ರವಾದರೆ ಲೇಟೆಕ್‌ಎಂಕೆ ಎಂಬುದೇ ಇದೆ, ಅದರಲ್ಲಿ ಸತತ ಮುನ್ನೋಟದ ಆಯ್ಕೆ ಇದೆ, ಇಷ್ಟೆಲ್ಲ ಯಾಕೆ ಸಾರ್?’ ಪೂರ್ತಿ ಒಪ್ಪುತ್ತೇನೆ. ಬರೀ ಲೇಟೆಕ್ ಆದರೆ ಅದೇ ಸಾಕು, ಎಷ್ಟು ಸಲ ಓಡಿಸಬೇಕು ಎಂಬ ಲೆಕ್ಕವನ್ನೂ ಅದೇ ನೋಡಿಕೊಳ್ಳುತ್ತದೆ. ನನ್ನ ತಪ್ಪು ಆಗಿದ್ದು ಲೇಟೆಕ್‌ಗಿಂತ ಒಂದು ಮೆಟ್ಟಿಲು ಮೊದಲು, ಅದಕ್ಕೇ ಮೇಕ್ ಬೇಕಾಯಿತು.

ವಿಂಡೋಸ್ ಒಳಗೆ ಲಿನಕ್ಸ್ ಓಡಿಸುವ ಹುಡುಗಿಯೊಬ್ಬಳು, ತನ್ನ ಕಂಪ್ಯೂಟರಿನಲ್ಲಿ ಎಷ್ಟು ಸೇವ್ ಮಾಡಿದರೂ ಏನೂ ಆಗುವುದಿಲ್ಲ ಎಂದಳು. ಫೈಲುಗಳು ಎಲ್ಲಿವೆ ಎಂದು ಕೇಳಿದೆ, ಸಿ ಡ್ರೈವಿನಲ್ಲಿ. ಅಲ್ಲೇ ಇದೆ ಗಂಟು. ಅಲ್ಲಿ ಬರೆಯುವುದು ವಿಂಡೋಸ್, ಕಾಯುತ್ತಿರುವುದು ಲಿನಕ್ಸ್ ಕರ್ನಲ್. ಪಕ್ಕದ ಮನೆಯ ಕುಕ್ಕರ್ ಕೂಗಿದರೆ ನಮ್ಮ ಮನೆಯಲ್ಲಿ ಕೇಳಿಸುವುದಿಲ್ಲ. ನೆಟ್‌ವರ್ಕಿನ ಮೂಲಕ ಬೇರೆ ಕಂಪ್ಯೂಟರಿನಿಂದ ಬರುವ ಎನ್ಎಫ್ಎಸ್ ಫೋಲ್ಡರುಗಳ ಕಥೆಯೂ ಇದೇ. ಫೈಲುಗಳನ್ನು ಲಿನಕ್ಸಿನ ಕಡೆಯೇ ಇಟ್ಟುಕೊಳ್ಳಬೇಕು. ಸಾಧ್ಯವೇ ಇಲ್ಲದಿದ್ದರೆ ಹಾಲು ಕಾಯುವ ಹಳೆಯ ದಾರಿ, ಪೋಲಿಂಗ್.

ಕಾವಲಿಗೆ ಎಂಥ ಕಮಾಂಡನ್ನು ಕಟ್ಟಬಾರದು ಎಂದೂ ಕೇಳಿದರು. ಹತ್ತು ಸಲ ಓಡಿದರೂ ಕೆಡುಕಾಗದ್ದನ್ನು ಮಾತ್ರ ಕಟ್ಟಿ. ಒಮ್ಮೆ ಉತ್ಸಾಹ ಹೆಚ್ಚಾಗಿ, ಪಿಡಿಎಫ್ ಆದ ಕೂಡಲೇ ಎಲ್ಲರೂ ನೋಡುವ ಹಂಚಿಕೆಯ ಫೋಲ್ಡರಿಗೆ ಏರಿಸುವುದನ್ನೂ ಸೇರಿಸಿದ್ದೆ. ಅರ್ಪಣೆಯ ಪುಟದಲ್ಲಿ ಒಂದು ಹೆಸರನ್ನು ಅಳಿಸಿ ಇನ್ನೊಂದು ಕಡೆ ಅಂಟಿಸುವ ನಡುವೆ ಅಭ್ಯಾಸಬಲದಿಂದ ಸೇವ್ ಒತ್ತಿದೆ. ಆ ಹೆಸರಿನವರೇ ಆ ಕ್ಷಣದಲ್ಲಿ ಪಿಡಿಎಫ್ ತೆರೆದು ನೋಡಿದರು. ಫೋನಿನಲ್ಲಿ ಅರ್ಧ ಗಂಟೆ ಸಮಜಾಯಿಷಿ ಹೇಳಿದೆ.

ಕೊನೆಯ ಪ್ರಶ್ನೆ ಡಿಟಿಪಿ ಕೆಲಸದ ಹಿರಿಯರೊಬ್ಬರದು. ‘ನೀವು ಹೇಳುವುದೆಲ್ಲ ನಮ್ಮಲ್ಲಿ ಹಾಟ್ ಫೋಲ್ಡರ್ ಅಂತ ಯಾವಾಗಿನಿಂದಲೋ ಇದೆಯಲ್ಲ?’ ಇದೆ. ಮುದ್ರಣದವರು ಫೋಲ್ಡರಿಗೆ ಪಿಡಿಎಫ್ ಹಾಕಿದರೆ ಯಂತ್ರ ತಾನೇ ಎತ್ತಿಕೊಂಡು ಪ್ಲೇಟಿಗೆ ತಯಾರು ಮಾಡುತ್ತದೆ. ದೊಡ್ಡ ಫೈಲ್ ಕಾಪಿ ಆಗುತ್ತಿರುವಾಗಲೇ ಎತ್ತಿಕೊಂಡು ಅರ್ಧ ಪುಟ ಬಂದದ್ದನ್ನು ಅವರೂ ನೋಡಿದ್ದಾರಂತೆ. ಅದಕ್ಕೆ ಮದ್ದು ಸುಲಭ: ಅದೇ ಡಿಸ್ಕಿನಲ್ಲಿ ಬೇರೆ ಹೆಸರಿನಲ್ಲಿ ಕಾಪಿ ಮಾಡಿ, ಪೂರ್ತಿಯಾದ ಮೇಲೆ ಸರಿಯಾದ ಹೆಸರಿಡುವುದು. ಹೆಸರು ಬದಲಾಗುವುದು ಒಂದೇ ಏಟಿಗೆ, ಅರ್ಧ ಬದಲಾದ ಹೆಸರು ಎಂಬುದಿಲ್ಲ. ವಿಮ್ ಆಡುವ ನಾಟಕದ ಹಿಂದೆಯೂ ಇಂಥದೇ ಎಚ್ಚರವಿದೆ: ಬರೆಯುವ ನಡುವೆ ಕರೆಂಟ್ ಹೋದರೂ ಹಳೆಯ ಪ್ರತಿಯಾದರೂ ಉಳಿಯಲಿ ಎಂದು.

ಅವರು ಮಾತು ಬಿಡಲಿಲ್ಲ. ಜೇಬಿನಿಂದ ಪೆನ್‌ಡ್ರೈವ್ ತೆಗೆದು, ‘ಇದರಲ್ಲಿ ನುಡಿಯ ಒಂದು ಆಮಂತ್ರಣ ಪತ್ರಿಕೆ ಇದೆ, ಹಾಕಿ ನೋಡೋಣ’ ಎಂದರು. ಫೋಲ್ಡರಿಗೆ ಕಾಪಿ ಮಾಡಿದೆ. ಎಂಟ್ರ್ ಹೊರಬಿದ್ದು ಮತ್ತೆ ಎದ್ದಿತು, ಮೇಕ್ ಓಡಿತು, ಪಿಡಿಎಫ್ ಪರದೆಯಲ್ಲಿ ತಾನಾಗಿ ಬದಲಾಯಿತು. ಮೇಲುಸಾಲಿನಲ್ಲೇ ದೊಡ್ಡದಾಗಿ ‘ಕಾಯರ್ಕ್ರಮ’. ಸಭೆ ನಕ್ಕಿತು. ತೋರಿಸಲೆಂದೇ ನಾನು ಸ್ಕ್ರಿಪ್ಟಿನ ಅರ್ಕಾವತ್ತಿನ ನಿಯಮವನ್ನು ತೆಗೆದಿಟ್ಟಿದ್ದೆ. ಎಡಿಟರಿನಲ್ಲಿ ನಿಯಮ ಬರೆದೆ: ಅರ್ಕಾವತ್ತಿನ ಗುರುತು ಕಂಡರೆ ಹಿಂದಿನ ವ್ಯಂಜನದ ಆಚೆಗೆ ಒಯ್ಯಿ. ಸೇವ್. ನಾನು ಪಠ್ಯ ಮುಟ್ಟಲಿಲ್ಲ, ಟರ್ಮಿನಲ್ಲಿಗೂ ಹೋಗಲಿಲ್ಲ. ಎರಡು ಮೂರು ಸೆಕೆಂಡಿಗೆ ಮೇಲುಸಾಲು ‘ಕಾರ್ಯಕ್ರಮ’ ಆಯಿತು.

‘ಕೆಳಗೆ ನೋಡಿ’ ಎಂದರು ಹಿರಿಯರು. ಕೆಳಗೆ, ಮುಖ್ಯ ಅತಿಥಿಗಳ ಹೆಸರಿನ ಕೊನೆಯಲ್ಲಿ, ಅದೇ ಹಳೆಯ ‘ಮೂತಿರ್’ ನನ್ನನ್ನು ನೋಡುತ್ತಿತ್ತು. ವ್ಯಂಜನದ ಜೊತೆಗೆ ಅದರ ಗುಣಿತವನ್ನೂ ದಾಟಬೇಕು ಎಂಬುದನ್ನು ಬರೆಯಲು ಮರೆತಿದ್ದೆ. ಇನ್ನೊಂದು ಸಾಲು ಸೇರಿಸಿ ಸೇವ್ ಒತ್ತಿದೆ, ಕೈ ಎತ್ತಿ ಹಿಂದೆ ಸರಿದು ನಿಂತೆ, ಎಲ್ಲರೂ ಪರದೆಯನ್ನೇ ನೋಡುತ್ತಿದ್ದರು.